ಪರದೆಯ ಒಳಗೊಂದು ಸ್ಟುಡಿಯೊ

ಮಸ್ಕಿಯಲ್ಲಿದ್ದ ನಮ್ಮ ಅಜ್ಜಿ ತೀರಿಕೊಂಡಾಗ ಗೋಡೆಗೆ ಹಾಕಲು ಅವಳದೊಂದು ಫೋಟೊ ಇರಲಿಲ್ಲ. ಯಾರದೋ ಮದುವೆಯ ಗ್ರೂಪ್ ಫೋಟೊದಲ್ಲಿ ಇದ್ದಳು, ಆದರೆ ಸೆರಗು ಮೂಗಿನವರೆಗೆ ಇಳಿದಿತ್ತು. ಫೋಟೊ ತೆಗೆಯುವವನು ಹೊರಗಿನ ಗಂಡಸು, ಅದಕ್ಕೇ ಮುಖ ಮುಚ್ಚಿಕೊಂಡಿದ್ದಾಳೆ ಎಂದು ಅಮ್ಮ ಹೇಳಿದರು. ಕೊನೆಗೆ ಮತದಾರರ ಗುರುತಿನ ಚೀಟಿಯ ಚಿತ್ರವನ್ನೇ ಲಿಂಗಸುಗೂರಿನಲ್ಲಿ ದೊಡ್ಡದು ಮಾಡಿಸಿದೆವು.

ಆ ದಿನಗಳಲ್ಲೇ ನಾನು ರಾಜಾ ದೀನ್ ದಯಾಳ್ ಅವರ ಬಗ್ಗೆ ಓದಿದೆ. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತಲ್ಲ, ಆ ಮನೆತನದ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನ ಛಾಯಾಗ್ರಾಹಕ ಇವರು. ಬಿ.ಇ. ಓದುತ್ತಿರುವ ನನಗೆ ಹೆಚ್ಚು ಆಶ್ಚರ್ಯವಾದದ್ದು, ಅವರೂ ಎಂಜಿನಿಯರಿಂಗ್ ಓದಿದವರು ಎಂಬುದು.

1844ರಲ್ಲಿ ಮೀರತ್ ಹತ್ತಿರದ ಸರ್ಧಾನಾದ ಜೈನ ಕುಟುಂಬದಲ್ಲಿ ಹುಟ್ಟಿದ ದೀನ್ ದಯಾಳ್, ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಕಲಿತರು. ಇಂದಿನ ಐಐಟಿ ರೂರ್ಕಿ ಅದೇ. 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಎಸ್ಟಿಮೇಟರ್ ಮತ್ತು ಡ್ರಾಫ್ಟ್ಸ್‌ಮನ್ ಆಗಿ ಸೇರಿದರು. ನಮ್ಮಲ್ಲಿ ಎಷ್ಟೋ ಜನ ಇಂಥದ್ದೇ ನೌಕರಿಗಾಗಿ ಪರೀಕ್ಷೆ ಬರೆಯುತ್ತಿದ್ದೇವೆ. ಅವರಿಗೆ ಮಾತ್ರ 1870ರ ದಶಕದಲ್ಲಿ ಕ್ಯಾಮೆರಾ ಹುಚ್ಚು ಹಿಡಿಯಿತು. ಗ್ವಾಲಿಯರ್ ಕೋಟೆ, ಸಾಂಚಿ ಸ್ತೂಪಗಳ ಚಿತ್ರ ತೆಗೆದರು. ಹೆಸರು ಬಂತು. ಮುಂದಿನ ದಶಕದಲ್ಲಿ ಸರ್ಕಾರಿ ಕೆಲಸವನ್ನೇ ಬಿಟ್ಟು ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು.

ನಿಜಾಮರು, ನವಾಬರು, ಬ್ರಿಟಿಷ್ ಅಧಿಕಾರಿಗಳು ಅವರ ಕ್ಯಾಮೆರಾದ ಮುಂದೆ ಕುಳಿತರು. ಆದರೆ ಆ ಮನೆಗಳ ಹೆಂಗಸರು ಪರದೆಯ ಒಳಗಿದ್ದವರು. ಆಗಿನ ಭಾವಚಿತ್ರವೆಂದರೆ ಈಗಿನಂತೆ ಮೊಬೈಲ್ ಒತ್ತಿದಷ್ಟು ಸುಲಭವಲ್ಲ. ಗಲ್ಲ ಎತ್ತಿಸಬೇಕು, ಬಟ್ಟೆಯ ನೆರಿಗೆ ಸರಿಪಡಿಸಬೇಕು, ಅಲುಗಾಡದಂತೆ ಕೂರಿಸಬೇಕು. ಆಮೇಲೆ ಗಾಜಿನ ಪ್ಲೇಟನ್ನು ಕತ್ತಲೆ ಕೋಣೆಯಲ್ಲಿ ತೊಳೆದು, ತಿದ್ದಿ, ಪ್ರಿಂಟ್ ತೆಗೆಯಬೇಕು. ಪ್ರತಿ ಹಂತದಲ್ಲೂ ಯಾರದೋ ಕಣ್ಣು ಆ ಮುಖದ ಮೇಲೆ ಬೀಳುತ್ತದೆ.

ಅದಕ್ಕೆ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೊ ಆರಂಭಿಸಿದರು. ಸುತ್ತ ಎತ್ತರದ ಗೋಡೆ. ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಮೇಲ್ವಿಚಾರಣೆ ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯದು. ಕೆಲಸ ಮಾಡುವವರೂ ಮಹಿಳೆಯರೇ. ತಾನು ಕಟ್ಟಿದ ಸ್ಟುಡಿಯೊದ ಒಳಗೆ ದೀನ್ ದಯಾಳ್ ಅವರೇ ಹೋಗುವಂತಿರಲಿಲ್ಲ! ದೊಡ್ಡ ಹೆಸರಿನ ಛಾಯಾಗ್ರಾಹಕರೊಬ್ಬರು, ಈ ಕೆಲಸ ನನ್ನಿಂದ ಆಗದು, ಹೆಣ್ಣಿನಿಂದಲೇ ಆಗಬೇಕು ಎಂದು ಒಪ್ಪಿಕೊಂಡದ್ದು ನನಗೆ ಅವರ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಂಡಿತು. ಗಿರಾಕಿಗಳಲ್ಲಿ ಯಾರು ಬರುತ್ತಿಲ್ಲ, ಏಕೆ ಬರುತ್ತಿಲ್ಲ ಎಂದು ಯೋಚಿಸಿದ್ದರಿಂದಲೇ ಅಲ್ಲಿ ಮಹಿಳೆಯರಿಗೆ ಒಂದು ಹೊಸ ವೃತ್ತಿ ಹುಟ್ಟಿತು.

ನಿಜಾಮರು ಅವರಿಗೆ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಅಂದರೆ ಚಿತ್ರಗಾರ. 1896ರಲ್ಲಿ ಮುಂಬೈಯಲ್ಲೂ ಸ್ಟುಡಿಯೊ ತೆರೆದರು. 1905ರಲ್ಲಿ ನಿಧನರಾದರು. ಅವರ ಎರಡು ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಇಂದು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. 2006ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಅಂಥ ಸ್ಟುಡಿಯೊ ನಮ್ಮ ಅಜ್ಜಿಯವರೆಗೆ ಬರಲಿಲ್ಲ. ಬಂದಿದ್ದರೂ ಅದು ದೊಡ್ಡ ಮನೆತನದವರಿಗೆ ಮಾತ್ರ. ಹೋದ ತಿಂಗಳು ಮಸ್ಕಿಗೆ ಹೋದಾಗ ದೊಡ್ಡಮ್ಮನನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ ನಾನೇ ಫೋಟೊ ತೆಗೆದೆ. ಸೆರಗು ಸರಿಸಲು ಕೈ ಚಾಚಿದಾಗ ದೊಡ್ಡಮ್ಮ ನಾಚಿದಳು, ಆದರೆ ಮುಖ ಮುಚ್ಚಿಕೊಳ್ಳಲಿಲ್ಲ. ಸಿಂಧನೂರಿಗೆ ಬಂದವಳೇ ಎರಡು ಪ್ರಿಂಟ್ ಹಾಕಿಸಿದೆ. ಒಂದು ಅವಳಿಗೆ, ಇನ್ನೊಂದು ನಮ್ಮ ಮನೆಗೆ.