ಗಿಟಾರ್ ತಯಾರಕ ಲಿಯೋ ಫೆಂಡರ್

ಮಕ್ಕಳೇ, ಊರಿನ ಜಾತ್ರೆಯಲ್ಲಿ ನಡೆಯುವ ರಸಮಂಜರಿ ಕಾರ್ಯಕ್ರಮವನ್ನು ನೀವು ನೋಡಿರಬಹುದು. ಹಾಡುಗಾರರ ಹಿಂದೆ ಒಬ್ಬರು ಉದ್ದ ಕತ್ತಿನ, ನಾಲ್ಕು ತಂತಿಗಳ ಗಿಟಾರನ್ನು ಹಿಡಿದು ನಿಂತಿರುತ್ತಾರೆ. ಅದರ ದನಿ ಗುಂಯ್ ಗುಂಯ್ ಎಂದು ಎದೆಗೇ ತಾಗುತ್ತದೆ. ಅದೇ ಬಾಸ್ ಗಿಟಾರ್. ಹಾಡಿಗೆ ಮಂದ್ರ ಸ್ವರದ ಆಧಾರ ಕೊಡುವುದು ಅದರ ಕೆಲಸ. ಈ ವಾದ್ಯವನ್ನು ಜಗತ್ತಿನಲ್ಲೆಲ್ಲ ಬಳಕೆಗೆ ತಂದವರು ಲಿಯೋ ಫೆಂಡರ್. ಆಶ್ಚರ್ಯವೇನು ಗೊತ್ತೇ? ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ!

ಲಿಯೋ 1909ನೆಯ ಆಗಸ್ಟ್ 10ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹುಟ್ಟಿದನು. ತಂದೆತಾಯಿಯರು ಕಿತ್ತಳೆ ತೋಟದ ರೈತರು. ಎಂಟನೆಯ ವಯಸ್ಸಿನಲ್ಲಿ ಲಿಯೋನಿಗೆ ದೊಡ್ಡ ಕಷ್ಟ ಬಂದಿತು. ಗೆಡ್ಡೆಯ ಕಾಯಿಲೆಯಿಂದ ಅವನ ಎಡಗಣ್ಣನ್ನು ತೆಗೆಯಬೇಕಾಯಿತು. ಅದರ ಜಾಗದಲ್ಲಿ ಗಾಜಿನ ಕಣ್ಣನ್ನು ಇಟ್ಟರು. ಆದರೆ ಹುಡುಗ ಎದೆಗುಂದಲಿಲ್ಲ. ಅವನ ಚಿಕ್ಕಪ್ಪ ಒಮ್ಮೆ ರೇಡಿಯೋದ ಹಳೆಯ ಬಿಡಿಭಾಗಗಳನ್ನು ಒಂದು ಪೆಟ್ಟಿಗೆಯಲ್ಲಿ ಕಳುಹಿಸಿದರು. ಅವನ್ನು ಬಿಚ್ಚುವುದು, ಮತ್ತೆ ಜೋಡಿಸುವುದು ಲಿಯೋನ ಆಟವಾಯಿತು. ಶಾಲೆಯಲ್ಲಿರುವಾಗಲೇ ಅವನು ರೇಡಿಯೋ ದುರಸ್ತಿ ಮಾಡುತ್ತಿದ್ದನು.

ದೊಡ್ಡವರಾದ ಮೇಲೆ ಲಿಯೋ ಲೆಕ್ಕಪತ್ರದ ವಿದ್ಯೆಯನ್ನು ಕಲಿತು ಗುಮಾಸ್ತರಾದರು. 1930ರ ದಶಕದಲ್ಲಿ ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ಬಂದಿತು. ಲಕ್ಷಾಂತರ ಜನರಂತೆ ಲಿಯೋ ಕೂಡ ಕೆಲಸ ಕಳೆದುಕೊಂಡರು. ಆಗ ಕೈಹಿಡಿದದ್ದು ಬಾಲ್ಯದ ವಿದ್ಯೆ. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ದುರಸ್ತಿ ಅಂಗಡಿಯನ್ನು ತೆರೆದರು.

ಅಂಗಡಿಗೆ ಸಂಗೀತಗಾರರೂ ಬರತೊಡಗಿದರು. ಅವರ ಕೆಟ್ಟುಹೋದ ವಾದ್ಯಗಳನ್ನು ಸರಿಪಡಿಸುತ್ತಾ ಲಿಯೋ ಒಂದು ಮುಖ್ಯ ವಿಷಯ ಕಲಿತರು. ಯಾವ ಭಾಗ ಬೇಗ ಹಾಳಾಗುತ್ತದೆ? ಯಾವುದು ಬಹುಕಾಲ ಬಾಳುತ್ತದೆ? ಈ ತಿಳಿವಳಿಕೆಯೇ ಅವರ ನಿಜವಾದ ಬಂಡವಾಳ. 1946ರಲ್ಲಿ ಅವರು ತಮ್ಮದೇ ವಾದ್ಯ ತಯಾರಿಕೆಯ ಕಂಪೆನಿಯನ್ನು ಸ್ಥಾಪಿಸಿದರು.

ಆ ಕಾಲದಲ್ಲಿ ಮಂದ್ರ ಸ್ವರಕ್ಕೆ ಡಬಲ್ ಬಾಸ್ ಎಂಬ ವಾದ್ಯವಿತ್ತು. ಅದು ಸುಮಾರು ಆರು ಅಡಿ ಎತ್ತರ! ಊರಿಂದೂರಿಗೆ ಸಾಗಿಸುವುದು ಪ್ರಯಾಸ. ಬೇರೆ ವಾದ್ಯಗಳ ಸದ್ದಿನ ನಡುವೆ ಅದರ ದನಿ ಕೇಳಿಸುತ್ತಲೂ ಇರಲಿಲ್ಲ. ಬೆರಳು ಸ್ವಲ್ಪ ಸರಿದರೂ ಸ್ವರ ತಪ್ಪುತ್ತಿತ್ತು. ಇದಕ್ಕೆ ಪರಿಹಾರ ಹುಡುಕಲು ಕೆಲವರು ಮೊದಲೇ ಯತ್ನಿಸಿದ್ದರು. ಆದರೆ ಅವರ ವಾದ್ಯಗಳು ಹೆಚ್ಚು ಬಳಕೆಗೆ ಬರಲಿಲ್ಲ.

1951ರಲ್ಲಿ ಲಿಯೋ ತಮ್ಮ ಪ್ರಿಸಿಷನ್ ಬಾಸ್ ಗಿಟಾರನ್ನು ಹೊರತಂದರು. ಅದನ್ನು ಹೆಗಲಿಗೆ ತೂಗುಹಾಕಿಕೊಂಡು ನುಡಿಸಬಹುದಿತ್ತು. ಕತ್ತಿನ ಮೇಲೆ ತೆಳುವಾದ ಲೋಹದ ಪಟ್ಟಿಗಳಿದ್ದವು. ಪಟ್ಟಿಗಳ ನಡುವೆ ಬೆರಳಿಟ್ಟು ಒತ್ತಿದರೆ ಸ್ವರ ನಿಖರವಾಗಿ ಬರುತ್ತಿತ್ತು. ಪ್ರಿಸಿಷನ್ ಎಂದರೆ ನಿಖರತೆ ಎಂದೇ ಅರ್ಥ. ತಂತಿಗಳ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ತಂತಿಯ ಸುರುಳಿ ಇತ್ತು. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹೆಚ್ಚಿಸಿ ದೊಡ್ಡ ದನಿಯಾಗಿ ಕೇಳಿಸುತ್ತದೆ.

ಲಿಯೋ ಕೆತ್ತನೆ, ಅಲಂಕಾರಗಳಿಗೆ ಹಣ ಸುರಿಯಲಿಲ್ಲ. ಗಟ್ಟಿ ಮರದ ಹಲಗೆಯೇ ವಾದ್ಯದ ಒಡಲು. ಕತ್ತನ್ನು ಅಂಟಿಸದೆ ನಾಲ್ಕು ತಿರುಪುಗಳಿಂದ ಬಿಗಿದಿದ್ದರು. ಕತ್ತು ಹಾಳಾದರೆ ಅದನ್ನಷ್ಟೇ ಬದಲಾಯಿಸಿದರೆ ಸಾಕು, ಇಡೀ ವಾದ್ಯವನ್ನು ಎಸೆಯಬೇಕಿಲ್ಲ. ಹೊಸ ಮಾದರಿಗಳನ್ನು ಸಂಗೀತಗಾರರ ಕೈಗೆ ಕೊಟ್ಟು, ಅವರು ಹೇಳಿದ ಕುಂದುಗಳನ್ನು ತಾಳ್ಮೆಯಿಂದ ಕೇಳಿ ತಿದ್ದುತ್ತಿದ್ದರು. ತಮಗೆ ನುಡಿಸಲು ಬಾರದಿದ್ದರೂ ಬಲ್ಲವರ ಮಾತನ್ನು ಕೇಳುವ ಗುಣ ಅವರಲ್ಲಿತ್ತು.

ಲಿಯೋ ಬಹಳ ಕಾಲ ಅನಾರೋಗ್ಯದಿಂದ ನರಳಿದರು. ತಾನು ಹೆಚ್ಚು ದಿನ ಬದುಕುವುದಿಲ್ಲವೆಂದು ಭಾವಿಸಿ, ಕಟ್ಟಿ ಬೆಳೆಸಿದ ಕಂಪೆನಿಯನ್ನು 1965ರಲ್ಲಿ ಮಾರಿಬಿಟ್ಟರು. ಬಂದ ಬೆಲೆ 1 ಕೋಟಿ 30 ಲಕ್ಷ ಡಾಲರ್. ಮುಂದೆ ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ಕೈತುಂಬ ಹಣವಿದ್ದರೂ ಸುಮ್ಮನೆ ಕೂರಲಿಲ್ಲ. ಬೇರೆ ಕಂಪೆನಿಗಳಲ್ಲಿ ಇನ್ನೂ ಉತ್ತಮವಾದ ಗಿಟಾರುಗಳನ್ನು ರೂಪಿಸಿದರು. ಕೈನಡುಗುವ ಪಾರ್ಕಿನ್‌ಸನ್ ಕಾಯಿಲೆ ಬಂದ ಮೇಲೂ ಕಾರ್ಯಾಗಾರಕ್ಕೆ ಹೋಗುವುದನ್ನು ಬಿಡಲಿಲ್ಲ. 1991ನೆಯ ಮಾರ್ಚ್ 21ರಂದು ನಿಧನರಾದರು.

ಇಂದು ಹಲವು ಕಂಪೆನಿಗಳು ಲಿಯೋ ಅವರ ಮಾದರಿಯನ್ನು ಅನುಸರಿಸಿ ಕಡಿಮೆ ಬೆಲೆಯ ಬಾಸ್ ಗಿಟಾರುಗಳನ್ನೂ ತಯಾರಿಸುತ್ತಿವೆ. ಮುಂದೊಂದು ದಿನ ನೀವೂ ಗಿಟಾರ್ ಕೊಳ್ಳಬಹುದು. ಆಗ ಬಣ್ಣ, ಹೊಳಪುಗಳಿಗೆ ಮರುಳಾಗಬೇಡಿ. ಕತ್ತು ನೆಟ್ಟಗಿದೆಯೇ? ಲೋಹದ ಪಟ್ಟಿಗಳ ಅಂಚು ಕೈಗೆ ಚುಚ್ಚುತ್ತದೆಯೇ? ಬಿಗಿದ ತಂತಿ ಸಡಿಲವಾಗದೆ ನಿಲ್ಲುತ್ತದೆಯೇ? ಕರಕರ ಸದ್ದಿಲ್ಲದೆ ದನಿ ಬರುತ್ತದೆಯೇ? ಇವನ್ನು ನೋಡಿ. ಬಲ್ಲವರನ್ನು ಕೇಳಿ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ವಸ್ತು ಒಳ್ಳೆಯದಾಗುವುದಿಲ್ಲ, ಕಡಿಮೆ ಇದ್ದ ಮಾತ್ರಕ್ಕೆ ಕೀಳಾಗುವುದೂ ಇಲ್ಲ. ಕೊಟ್ಟ ಹಣಕ್ಕೆ ತಕ್ಕಂತೆ ಬಹುಕಾಲ ಬಾಳುವುದೇ ಒಳ್ಳೆಯ ವಸ್ತು. ಹಳೆಯ ರೇಡಿಯೋಗಳನ್ನು ಬಿಚ್ಚಿ ಜೋಡಿಸಿದ ಆ ಒಂದು ಕಣ್ಣಿನ ಹುಡುಗ ಇದನ್ನು ಚೆನ್ನಾಗಿ ಅರಿತಿದ್ದನು, ಅಲ್ಲವೇ?