ಮಕ್ಕಳ ಗೆಳೆಯ ಪಂಜೆ ಮಂಗೇಶರಾಯರು

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿದ್ಧಕಟ್ಟೆ ಎಂಬ ಊರು ಇದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ಆ ಸೀಮೆಯಲ್ಲಿ ಗುಡ್ಡ, ಗದ್ದೆ, ಅಡಕೆಯ ತೋಟಗಳು ಒಂದರ ಮಗ್ಗುಲಲ್ಲಿ ಒಂದು ಹಬ್ಬಿಕೊಂಡಿವೆ. ಅಲ್ಲಿಯ ಬಹುಪಾಲು ಮನೆಗಳ ಮಾತು ತುಳು; ಕೆಲವು ಮನೆಗಳಲ್ಲಿ ಕೊಂಕಣಿ, ಕೆಲವು ಮನೆಗಳಲ್ಲಿ ಬ್ಯಾರಿ. ಕನ್ನಡವು ಅಲ್ಲಿಯ ಶಾಲೆಯ ಭಾಷೆ. ತಾಯಿಯ ಮಡಿಲಲ್ಲಿ ಒಂದು ನುಡಿಯನ್ನು ಕಲಿತ ಮಗುವು ಶಾಲೆಯ ಜಗಲಿಯನ್ನು ಏರಿದ ದಿನವೇ ಇನ್ನೊಂದು ನುಡಿಯನ್ನೂ ಅದರ ಅಕ್ಷರಗಳನ್ನೂ ಒಟ್ಟಿಗೆ ಎದುರಿಸಬೇಕಾಗುತ್ತದೆ. ಆಗ ಕೈಗೆ ಬಂದ ಪುಸ್ತಕವು ಗೆಳೆಯನಂತೆ ನಗಬಹುದು, ಇಲ್ಲವೆ ಹಗೆಯಂತೆ ಹೆದರಿಸಬಹುದು. ಆ ಪುಸ್ತಕವು ಗೆಳೆಯನಾಗಬೇಕೆಂದು ತಮ್ಮ ಬಾಳನ್ನೇ ಸವೆಸಿದ ಮಹನೀಯರೊಬ್ಬರು ಇದೇ ಸೀಮೆಯಲ್ಲಿ ಹುಟ್ಟಿದರು. ಅವರೇ ಪಂಜೆ ಮಂಗೇಶರಾಯರು.

ಮಂಗೇಶರಾಯರು 1874ನೆಯ ಇಸವಿ ಫೆಬ್ರವರಿ 22ರಂದು ನೇತ್ರಾವತಿ ನದಿಯ ದಡದ ಬಂಟ್ವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯನವರು. ಅವರ ಹಿರಿಯರು ಸುಬ್ರಹ್ಮಣ್ಯದ ಕಡೆಯ ಪಂಜ ಎಂಬ ಊರಿನಿಂದ ಬಂದು ನೆಲಸಿದವರಾದುದರಿಂದ ಮನೆತನಕ್ಕೆ ಪಂಜೆ ಎಂಬ ಹೆಸರು ಬಂದಿತು. ಮನೆಯಲ್ಲಿ ಆಡುತ್ತಿದ್ದ ಮಾತು ಕೊಂಕಣಿ, ಬೀದಿಯಲ್ಲಿ ಕೇಳುತ್ತಿದ್ದುದು ತುಳು. ಮುಂದೆ ಕನ್ನಡದ ಮಕ್ಕಳಿಗೆಲ್ಲ ಹಾಡು ಕಲಿಸಿದ ಈ ಕವಿಗೆ ಕನ್ನಡವು ತೊಟ್ಟಿಲಿನಿಂದ ಬಂದ ನುಡಿಯಾಗಿರಲಿಲ್ಲ ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ. ಕಲಿಯುವ ಮಗುವಿನ ಕಷ್ಟವೇನೆಂಬುದನ್ನು ಅವರು ಸ್ವಂತ ಅನುಭವದಿಂದ ಬಲ್ಲವರಾಗಿದ್ದರು.

ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ. ಮಂಗೇಶರಾಯರು ಮನೆಪಾಠಗಳನ್ನು ಹೇಳುತ್ತ ಮಂಗಳೂರಿನಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ಕಷ್ಟದ ದಿನಗಳಲ್ಲಿ ಅವರಿಗೆ ದೊರೆತ ದೊಡ್ಡ ಆಸ್ತಿಯೆಂದರೆ ಸ್ನೇಹ. ವಿದ್ವಾಂಸರಾದ ಬೆನಗಲ್ ರಾಮರಾಯರು ಅವರಿಗೆ ಮಿತ್ರರಾಗಿ ಒದಗಿದರು. ರಾಮರಾಯರ ತಂಗಿ ಭವಾನಿಬಾಯಿಯವರನ್ನು ಮಂಗೇಶರಾಯರು ವಿವಾಹವಾದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಹುದ್ದೆ ಅವರಿಗೆ ದೊರೆಯುವುದಕ್ಕೂ ರಾಮರಾಯರ ನೆರವೇ ಕಾರಣವಾಯಿತು. 1900ರಲ್ಲಿ ರಾಮರಾಯರು 'ಸುವಾಸಿನಿ' ಎಂಬ ಪತ್ರಿಕೆಯನ್ನು ನಡೆಸತೊಡಗಿದಾಗ ಮಂಗೇಶರಾಯರ ಲೇಖನಿಗೆ ಬಯಲು ಸಿಕ್ಕಿತು. ಅವರು ಆ ಪತ್ರಿಕೆಗೆ ಬರೆದ ಕಥೆಗಳನ್ನು ಕನ್ನಡದ ಸಣ್ಣಕಥೆಗಳ ಮೊದಲ ಬೆಳೆಯೆಂದು ವಿದ್ವಾಂಸರು ಎಣಿಸುತ್ತಾರೆ. ತಾವು ಕಟ್ಟಿದ ಪದ್ಯಗಳಿಗೆ ಅವರು ಇಟ್ಟುಕೊಂಡ ಹೆಸರು ಕವಿಶಿಷ್ಯ. ಕವಿಯೆಂದು ಕರೆಸಿಕೊಳ್ಳುವುದಕ್ಕಿಂತ ಕವಿಗಳ ಶಿಷ್ಯನೆಂದು ಕರೆಸಿಕೊಳ್ಳುವುದು ಅವರಿಗೆ ಪ್ರಿಯವಾಗಿತ್ತು.

ನೌಕರಿಯನ್ನು ಮಾಡುತ್ತಲೇ ಓದಿ ಬಿ.ಎ., ಎಲ್.ಟಿ. ಪದವಿಗಳನ್ನು ಪಡೆದ ಮೇಲೆ ಅವರು ವಿದ್ಯಾ ಇಲಾಖೆಯನ್ನು ಸೇರಿ ಶಾಲೆಗಳ ತನಿಖೆಯ ಅಧಿಕಾರಿಯಾದರು. ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಹಳ್ಳಿಯ ಶಾಲೆಗಳಿಗೆ ಹೋಗಬೇಕಾದರೆ ಹೊಳೆಗಳನ್ನು ದೋಣಿಯಲ್ಲಿ ದಾಟಿ, ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಏರಿಳಿಯಬೇಕಾಗಿತ್ತು. ಇನ್‌ಸ್ಪೆಕ್ಟರು ಬರುವರೆಂದರೆ ಉಪಾಧ್ಯಾಯರಿಗೆ ಎದೆ ಬಡಿತ. ಉಪಾಧ್ಯಾಯರ ಭಯವನ್ನು ಕಂಡು ಮಕ್ಕಳಿಗೆ ಇಮ್ಮಡಿ ಭಯ. ಅಂದಿನ ಕಲಿಕೆಯ ಕ್ರಮವೂ ಆ ಭಯವನ್ನು ಹೆಚ್ಚಿಸುವಂತಿತ್ತು. ಮಗ್ಗಿಯನ್ನು ಗಟ್ಟಿಮಾಡಬೇಕು, ಅರ್ಥ ತಿಳಿಯದ ಪದ್ಯವನ್ನು ಬಾಯಿಪಾಠ ಒಪ್ಪಿಸಬೇಕು, ತಪ್ಪಿದರೆ ಬೆತ್ತದ ರುಚಿ ನೋಡಬೇಕು. ನೀತಿಯನ್ನು ಬೋಧಿಸುವ ಪಾಠಗಳಿದ್ದವು. ಆದರೆ ಮಗುವು ತಾನಾಗಿ ಬಯಸಿ ಓದುವಂಥವು ವಿರಳವಾಗಿದ್ದವು.

ಮಂಗೇಶರಾಯರು ಈ ಪದ್ಧತಿಯನ್ನು ಭಾಷಣಗಳಿಂದ ಖಂಡಿಸುತ್ತ ಕೂಡಲಿಲ್ಲ. ತಾವೇ ತರಗತಿಯೊಳಗೆ ನಿಂತು ಪಾಠ ಹೇಳಿದರು. ಕಥೆ ಹೇಳುತ್ತ, ಹಾಡುತ್ತ, ಮಕ್ಕಳನ್ನೂ ತಮ್ಮೊಡನೆ ಹಾಡಿಸುತ್ತ ಕಲಿಸುವ ಬಗೆಯನ್ನು ಉಪಾಧ್ಯಾಯರಿಗೆ ಕಣ್ಣಾರೆ ತೋರಿಸಿದರು. ಅವರು ಬಂದುಹೋದ ಶಾಲೆಯಲ್ಲಿ ಅಧಿಕಾರಿಯ ಗದರಿಕೆ ಉಳಿಯುತ್ತಿರಲಿಲ್ಲ. ಒಂದು ಹೊಸ ಹಾಡು ಉಳಿಯುತ್ತಿತ್ತು.

ಅದೇ ಕಾಲದಲ್ಲಿ ಲೋಕದ ಇತರ ಕಡೆಗಳಲ್ಲಿಯೂ ಮಕ್ಕಳ ಪುಸ್ತಕಗಳ ವಿಷಯದಲ್ಲಿ ಹೊಸ ವಿಚಾರಗಳು ಮೂಡುತ್ತಿದ್ದವು. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬ ಮಹಿಳೆ 1893ರಲ್ಲಿ ಕಾಯಿಲೆಯಿಂದ ಮಲಗಿದ್ದ ಬಾಲಕನೊಬ್ಬನಿಗೆ ಚಿತ್ರಗಳನ್ನು ಬರೆದು ಪೀಟರ್ ಎಂಬ ಮೊಲದ ಮರಿಯ ಕಥೆಯನ್ನು ಪತ್ರದಲ್ಲಿ ತಿಳಿಸಿದಳು. ತಾಯಿಯ ಮಾತನ್ನು ಮೀರಿ ಪರರ ತೋಟಕ್ಕೆ ನುಗ್ಗಿ, ಪ್ರಾಣಭಯದಿಂದ ಓಡಿ, ಹೇಗೋ ಮನೆ ಸೇರಿದ ಮರಿಯ ಕಥೆ ಅದು. 1902ರಲ್ಲಿ ಅದು ಮಕ್ಕಳ ಅಂಗೈಗೆ ಹೊಂದುವ ಬಣ್ಣದ ಚಿತ್ರಪುಸ್ತಕವಾಗಿ ಪ್ರಕಟವಾಯಿತು. ನಮ್ಮ ದೇಶದ ಬಂಗಾಳದಲ್ಲಿ ಉಪೇಂದ್ರಕಿಶೋರ ರಾಯಚೌಧುರಿಯವರು ತಾವೇ ಚಿತ್ರಗಳನ್ನು ಬರೆದು, ಅವುಗಳನ್ನು ಅಂದವಾಗಿ ಅಚ್ಚು ಹಾಕುವ ವಿಧಾನವನ್ನು ಸಂಶೋಧಿಸಿ, 1913ರಲ್ಲಿ 'ಸಂದೇಶ್' ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿದರು.

ಕನ್ನಡನಾಡಿನ ಹಳ್ಳಿಯ ಶಾಲೆಗೆ ಅಂತಹ ಬಣ್ಣದ ಪುಸ್ತಕಗಳು ಎಟುಕುವಂತಿರಲಿಲ್ಲ. ಒಂದೊಂದು ಚಿತ್ರಕ್ಕೂ ಪ್ರತ್ಯೇಕವಾದ ಅಚ್ಚುಪಡಿ ಬೇಕು. ಬಣ್ಣಗಳು ಹೆಚ್ಚಿದಂತೆ ಖರ್ಚೂ ಹೆಚ್ಚುತ್ತಿತ್ತು. ಪುಸ್ತಕದ ಬೆಲೆ ಏರಿದರೆ ಬಡ ರೈತನ ಮಗು ಅದನ್ನು ಕೊಳ್ಳುವುದೆಂತು? ಬಣ್ಣದಿಂದ ಮಾಡಲಾಗದ ಕೆಲಸವನ್ನು ಮಂಗೇಶರಾಯರು ಮಾತಿನಿಂದ ಮಾಡಿದರು. ಅವರ ಪದಗಳೇ ಚಿತ್ರಗಳಾದವು. ತೆಂಕಣ ಗಾಳಿಯಾಟದ ಪದ್ಯವನ್ನು ಗಟ್ಟಿಯಾಗಿ ಓದಿದರೆ ಕಡಲ ಕಡೆಯಿಂದ ನುಗ್ಗಿ ಬರುವ ಗಾಳಿಯ ಮೊರೆತ ಕಿವಿಗೆ ತುಂಬುತ್ತದೆ. ಶಬ್ದಗಳ ಬಡಿತದಲ್ಲಿಯೇ ಗಾಳಿಯ ಹೊಡೆತವಿದೆ. ಕನ್ನಡವನ್ನು ಇನ್ನೂ ಚೆನ್ನಾಗಿ ತಿಳಿಯದ ಮಗುವಿಗೂ ಆ ನಾದವು ಅರ್ಥದ ಬಾಗಿಲನ್ನು ತೆರೆಯುತ್ತದೆ.

ನಾಗರ ಹಾವನ್ನು ಕುರಿತ ಅವರ ಪದ್ಯವನ್ನು ತಿಳಿಯದ ಕನ್ನಡ ಮಕ್ಕಳು ವಿರಳ. ಅದರಲ್ಲಿ ಮಗುವು ಹಾವಿಗೆ ಕೈಮುಗಿದು, ಹಾಲನ್ನು ಕೊಡುವೆನೆಂದು ಅಕ್ಕರೆಯಿಂದ ಕರೆಯುತ್ತದೆ. ಅದರ ಹೆಡೆಯ ಚೆಲುವನ್ನು ಕಂಡು ಬೆರಗಾಗುತ್ತದೆ. ಆದರೆ ತಣ್ಣನೆಯ ಮೈಯೊಳಗೆ ಹಗೆಯ ಬಿಸಿ ಅಡಗಿದೆಯೆಂಬುದನ್ನು ಅರಿತೊಡನೆ ಮತ್ತೊಮ್ಮೆ ನಮಸ್ಕರಿಸಿ ಅದನ್ನು ಹೊರಗೆ ಕಳುಹಿಸಿಬಿಡುತ್ತದೆ. ಹಾವನ್ನು ಕೊಲ್ಲುವ ಮಾತೇ ಇಲ್ಲ. ಅದಕ್ಕೆ ಮರುಳಾಗಿ ಮನೆಯೊಳಗೆ ಇರಿಸಿಕೊಳ್ಳುವ ಮಾತೂ ಇಲ್ಲ. ಸ್ನೇಹವನ್ನು ಯಾರಿಗೂ ನೀಡಬಹುದು, ಆದರೆ ಸ್ವಂತ ವಿವೇಕವನ್ನು ಯಾರಿಗೂ ಒಪ್ಪಿಸಬಾರದು ಎಂಬ ತಿಳಿವನ್ನು ಕವಿಯು ಉಪದೇಶದ ಸೋಂಕಿಲ್ಲದೆ ಆಟದ ಹಾಡಿನಲ್ಲಿ ಅಡಗಿಸಿ ಇಟ್ಟಿದ್ದಾರೆ.

ಮಕ್ಕಳಿಗಾಗಿ ಪುಸ್ತಕಗಳನ್ನು ಹೊರತರುವ ಕೆಲಸವು ಒಬ್ಬರಿಂದ ಆಗುವಂಥದಲ್ಲವೆಂದು ಅರಿತು ಮಂಗೇಶರಾಯರು ಸಮಾನ ಮನಸ್ಸಿನ ಗೆಳೆಯರೊಡನೆ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಮಕ್ಕಳ ಸಾಹಿತ್ಯವೆಂಬುದು ಬಿಡುವಿನ ವೇಳೆಯ ವಿನೋದವೆಂದು ಬಗೆಯಲಾಗಿದ್ದ ಕಾಲದಲ್ಲಿ ಅದಕ್ಕೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದುದು ಸಾಮಾನ್ಯ ಸಾಹಸವಲ್ಲ. ಅವರು ಬರೆದ ಕಥೆಗಳ ಹೆಸರುಗಳನ್ನು ಕೇಳಿದರೇ ಮಕ್ಕಳ ಮುಖ ಅರಳುತ್ತದೆ. ಸಿಗಡಿ ಮೀನು ಯಾಕೆ ಒಣಗಲಿಲ್ಲವೆಂಬ ಕಥೆಯಲ್ಲಿ ಒಂದು ಪ್ರಶ್ನೆಯ ಬಾಲವನ್ನು ಹಿಡಿದು ಇನ್ನೊಂದು ಪ್ರಶ್ನೆ ಬರುತ್ತದೆ. ಕಡಲ ಕರೆಯಲ್ಲಿ ಮೀನು ಒಣಗಲು ಹರಡಿದುದನ್ನು ದಿನವೂ ಕಾಣುವ ಮಗುವಿಗೆ ಆ ಕಥೆ ತನ್ನ ಅಂಗಳದ್ದೇ ಆಯಿತು. ಯಾವುದನ್ನೂ ಕಾರಣ ಕೇಳದೆ ಒಪ್ಪಬೇಡವೆಂಬ ಅಭ್ಯಾಸವನ್ನು ಅದು ನಗುನಗುತ್ತ ಬೆಳೆಸುತ್ತದೆ. ಮೆಣಸಿನಕಾಳಪ್ಪನ ಕಥೆಯ ನಾಯಕನ ಹೆಸರೇ ಅವನ ಗಾತ್ರವನ್ನು ಹೇಳುತ್ತದೆ. ಕರಿಮೆಣಸಿನ ಬಳ್ಳಿಗಳ ಊರಿನ ಮಗುವಿಗೆ ಆ ಕಾಳು ಎಷ್ಟು ಚಿಕ್ಕದೆಂಬುದೂ ಗೊತ್ತು, ಅದರ ಖಾರವೆಷ್ಟೆಂಬುದೂ ಗೊತ್ತು.

ತುಳುನಾಡಿನ ಗದ್ದೆಗಳಲ್ಲಿ ನಾಟಿ ಮಾಡುವ ಹೆಂಗಸರು ಪಾಡ್ದನಗಳನ್ನು ಹಾಡುತ್ತಿದ್ದರು. ಬರಹವನ್ನು ಕಾಣದೆ ಬಾಯಿಂದ ಬಾಯಿಗೆ ಬಂದ ಆ ಹಾಡುಗಳಲ್ಲಿ ಕೋಟಿ ಚೆನ್ನಯರೆಂಬ ಅವಳಿ ವೀರರ ಚರಿತ್ರೆ ಪ್ರಸಿದ್ಧವಾದುದು. ಮಂಗೇಶರಾಯರು ಅದನ್ನು ಕನ್ನಡ ಗದ್ಯಕ್ಕೆ ತಂದರು. ಪಡುಮಲೆಯ ಬಲ್ಲಾಳನ ಪ್ರಾಣವನ್ನು ಉಳಿಸಿದ ದೇಯಿ ಬೈದೆತಿಯ ಮಕ್ಕಳು ಅವರು. ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡು ಒಬ್ಬರಿಗೊಬ್ಬರು ಆಸರೆಯಾಗಿ ಬೆಳೆದರು. ಮಂತ್ರಿಯಾದ ಬುದ್ಧಿವಂತನು ಗದ್ದೆಯ ನೀರಿನ ವಿಷಯದಲ್ಲಿ ಮಾಡಿದ ಅನ್ಯಾಯವನ್ನು ಸಹಿಸದೆ, ಒಡೆಯನ ಆಶ್ರಯವನ್ನು ತೊರೆದು ಹೊರಟರು. ಪಂಜದಲ್ಲಿ ಮೋಸದಿಂದ ಸೆರೆಗೆ ಸಿಕ್ಕಿ, ಆ ಸೆರೆಯನ್ನು ಮುರಿದು, ಎಣ್ಮೂರನ್ನು ಸೇರಿ, ಅಲ್ಲಿಯ ಯುದ್ಧದಲ್ಲಿ ಮಡಿದರು. ಅಣ್ಣನಿಲ್ಲದ ಮೇಲೆ ತಮ್ಮನು ಬದುಕಿ ಉಳಿಯಲಿಲ್ಲ. ಇಂದಿಗೂ ಗರಡಿಗಳಲ್ಲಿ ಆ ವೀರರಿಗೆ ಪೂಜೆ ಸಲ್ಲುತ್ತಿದೆ. ಮಂಗೇಶರಾಯರ ಪೂರ್ವಿಕರ ಊರಾದ ಪಂಜವು ಈ ಕಥೆಯಲ್ಲಿ ಸೆರೆಮನೆಯ ಊರಾಗಿ ಬರುತ್ತದೆ. ಆದರೂ ಅವರು ಅದನ್ನು ಮರೆಮಾಚಲಿಲ್ಲ. ದೊರೆಗಳ ಕಥೆಗಳಷ್ಟೇ ಪುಸ್ತಕಕ್ಕೆ ಯೋಗ್ಯವೆಂದು ತಿಳಿದಿದ್ದವರ ನಡುವೆ, ಗದ್ದೆಯನ್ನು ಉತ್ತ ಕೈಗಳ ಸ್ವಾಭಿಮಾನವೂ ಅಣ್ಣತಮ್ಮಂದಿರ ಪ್ರೀತಿಯೂ ಅಚ್ಚಿನ ಪುಟವನ್ನು ಏರಿದವು. ಮನೆಯಲ್ಲಿ ತುಳುವನ್ನಾಡುವ ಮಗುವು ತನ್ನ ಅಜ್ಜಿ ಹಾಡುತ್ತಿದ್ದ ಕಥೆಯನ್ನೇ ಕನ್ನಡದಲ್ಲಿ ಓದಿದಾಗ, ಮನೆಗೂ ಶಾಲೆಗೂ ನಡುವೆ ಇದ್ದ ಅಂತರ ಕಡಿಮೆಯಾಯಿತು.

ಇಲಾಖೆಯ ಸೇವೆಯು ಮಂಗೇಶರಾಯರನ್ನು ಕೊಡಗಿಗೂ ಕೊಂಡೊಯ್ಯಿತು. ಅಲ್ಲಿ ಅವರು ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಆಗಿದ್ದರು. ಹೊಸ ಊರಿನಲ್ಲಿ ಹೊರಗಿನವರಂತೆ ಇರದೆ ಆ ನಾಡಿನ ಬೆಟ್ಟಗಳನ್ನು, ಜನರ ಶೌರ್ಯವನ್ನು, ಹೊಸ ಬೆಳೆಯನ್ನು ಮನೆತುಂಬಿಸುವ ಹುತ್ತರಿ ಹಬ್ಬವನ್ನು ಒಲಿದು ನೋಡಿದರು. ಆ ಒಲವಿನಿಂದ ಹುತ್ತರಿಯ ಹಾಡು ಹುಟ್ಟಿತು. ಕೊಡಗಿನ ಜನರು ಅದನ್ನು ತಮ್ಮ ನಾಡಿನ ಹಾಡೆಂದೇ ಆದರಿಸಿದರು.

ಮಕ್ಕಳಿಗಾಗಿ ಸುಲಭವಾಗಿ ಬರೆಯುವವರಿಗೆ ಪಾಂಡಿತ್ಯ ಕಡಿಮೆಯೆಂದು ತಿಳಿಯಬಾರದು. ಕೇಶಿರಾಜನ 'ಶಬ್ದಮಣಿದರ್ಪಣ'ವೆಂಬ ಹಳಗನ್ನಡ ವ್ಯಾಕರಣ ಗ್ರಂಥವನ್ನು ಪರಿಷ್ಕರಿಸಿದ ವಿದ್ವಾಂಸರೂ ಮಂಗೇಶರಾಯರೇ. ನುಡಿಯ ಒಳಗುಟ್ಟನ್ನು ಬಲ್ಲವರಾದುದರಿಂದಲೇ ಅವರು ಎಳೆಯರಿಗೆ ಬೇಕಾದ ಶಬ್ದವನ್ನು ತೂಗಿ ನೋಡಿ ಆರಿಸಬಲ್ಲವರಾಗಿದ್ದರು. ವ್ಯಾಕರಣದ ಭಾರವನ್ನು ತಾವು ಹೊತ್ತು, ಹಾಡಿನ ಹಗುರವನ್ನು ಮಕ್ಕಳಿಗೆ ಕೊಟ್ಟರು.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಂಗೇಶರಾಯರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ಕನ್ನಡನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ರಾಯಚೂರು ಹೈದರಾಬಾದಿನ ನಿಜಾಮನ ರಾಜ್ಯದಲ್ಲಿದ್ದರೆ, ಮಂಗಳೂರು ಮದರಾಸು ಪ್ರಾಂತದಲ್ಲಿತ್ತು. ಕಡಲ ಕರೆಯ ಶಾಲಾ ಉಪಾಧ್ಯಾಯರೊಬ್ಬರನ್ನು ಬಯಲುಸೀಮೆಯ ಜನರು ಹಿರಿಯರ ಪೀಠದಲ್ಲಿ ಕುಳ್ಳಿರಿಸಿ ಗೌರವಿಸಿದುದು, ಮಕ್ಕಳ ಸಾಹಿತ್ಯಕ್ಕೂ ಸಂದ ಗೌರವವಾಯಿತು. ಅದಾದ ಮೂರು ವರ್ಷಗಳಲ್ಲಿ, 1937ರ ಅಕ್ಟೋಬರ್ ತಿಂಗಳಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ ಮಂಗೇಶರಾಯರು ತೀರಿಕೊಂಡರು.

ಅವರು ಹಾಕಿಕೊಟ್ಟ ದಾರಿಯಲ್ಲಿ ಮುಂದೆ ಹಲವರು ನಡೆದರು. ಅದೇ ಜಿಲ್ಲೆಯ ಶಿವರಾಮ ಕಾರಂತರು 1930ರ ದಶಕದಲ್ಲಿ 'ಬಾಲಪ್ರಪಂಚ'ವೆಂಬ ಸಚಿತ್ರ ಸಂಪುಟಗಳನ್ನು ಹೊರತಂದು, ನಕ್ಷತ್ರದಿಂದ ಹಿಡಿದು ಹುಳುವಿನವರೆಗಿನ ಲೋಕವನ್ನು ಮಕ್ಕಳ ಮುಂದೆ ತೆರೆದಿಟ್ಟರು. ಇಂದು ಬಣ್ಣಬಣ್ಣದ ಚಿತ್ರಪುಸ್ತಕಗಳು ಕನ್ನಡದಲ್ಲಿ ಹೇರಳವಾಗಿ ದೊರೆಯುತ್ತವೆ. ಅಚ್ಚಿನ ಕಷ್ಟ ತೀರಿದೆ. ಆದರೆ ಪುಟದ ಅಂದವೊಂದರಿಂದಲೇ ಪುಸ್ತಕವು ಗೆಳೆಯನಾಗಲಾರದು. ನಿಜವಾದ ಗೆಳೆಯನು ನಮ್ಮನ್ನು ಸದಾ ಹೊತ್ತುಕೊಂಡು ತಿರುಗುವುದಿಲ್ಲ. ಸ್ವಲ್ಪ ದೂರ ಜೊತೆಗೆ ನಡೆದು, ನಾವು ಒಬ್ಬರೇ ನಡೆಯಬಲ್ಲೆವೆಂಬ ಧೈರ್ಯವನ್ನು ಕೊಡುತ್ತಾನೆ. ಅರ್ಥ ತಿಳಿಯದ ಪಾಠವನ್ನು ಹೆದರಿ ಒಪ್ಪಿಸುತ್ತಿದ್ದ ಮಗುವು ತಾನೇ ಪುಸ್ತಕವನ್ನು ಬಿಡಿಸಿ, ಯಾರ ಅಪ್ಪಣೆಯೂ ಇಲ್ಲದೆ, ಮುಂದೇನಾಯಿತೆಂದು ತಿಳಿಯುವ ಆಸೆಯಿಂದ ಓದತೊಡಗಬೇಕು. ಪಂಜೆ ಮಂಗೇಶರಾಯರು ಬಯಸಿದುದು ಅದನ್ನೇ.