ಗೆಳೆಯನಿಗೂ ಜೀವ ತಂದ ಡಾ. ಬ್ಯಾಂಟಿಂಗ್

ನವೆಂಬರ್ 14 ನಮ್ಮ ಶಾಲೆಗಳಲ್ಲಿ ಮಕ್ಕಳ ದಿನಾಚರಣೆ. ವಿಶ್ವ ಮಧುಮೇಹ ದಿನವೂ ಅಂದೇ. ಇನ್ಸುಲಿನ್ ಕಂಡುಹಿಡಿದ ಡಾ. ಫ್ರೆಡರಿಕ್ ಬ್ಯಾಂಟಿಂಗ್ 1891ರಲ್ಲಿ ಆ ದಿನ ಕೆನಡಾದ ರೈತ ಕುಟುಂಬವೊಂದರಲ್ಲಿ ಜನಿಸಿದರು.

ಟೊರಾಂಟೊದಲ್ಲಿ ಅವರೊಂದಿಗೆ ವೈದ್ಯಕೀಯ ಓದಿದ ಜೋ ಗಿಲ್‌ಕ್ರಿಸ್ಟ್ ಮುಂದೆ ಸಕ್ಕರೆ ಕಾಯಿಲೆಗೆ ತುತ್ತಾದರು. ಆಗ ಇದಕ್ಕೆ ಮದ್ದೇ ಇರಲಿಲ್ಲ. ಅರೆಹೊಟ್ಟೆಯ ಪಥ್ಯವೊಂದೇ ದಾರಿ. ಸ್ವತಃ ವೈದ್ಯರಾಗಿದ್ದರೂ ಅವರು ಸೊರಗುತ್ತಲೇ ಹೋದರು.

1921ರಲ್ಲಿ ಪ್ರೊ. ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ 14ರ ಹರೆಯದ ಬಾಲಕ ಲಿಯೊನಾರ್ಡ್ ಥಾಂಪ್ಸನ್ ಅದರಿಂದ ಚೇತರಿಸಿಕೊಂಡ. ಮರುತಿಂಗಳೇ ಗೆಳೆಯನಿಗೂ ಚುಚ್ಚುಮದ್ದು ಸಿಕ್ಕಿತು.

ಗುಣ ಕಂಡ ಗಿಲ್‌ಕ್ರಿಸ್ಟ್ ಮನೆಯಲ್ಲಿ ಕೂರಲಿಲ್ಲ. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮಧುಮೇಹಿಗಳ ಚಿಕಿತ್ಸೆಗೆ ನಿಂತರು. ಒಂದು ಸಲ ತಯಾರಿಸಿದ ಇನ್ಸುಲಿನ್‌ನ ಶಕ್ತಿ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಹೆಚ್ಚಾದರೆ ಸಕ್ಕರೆ ತೀರಾ ಇಳಿದು ಪ್ರಾಣಕ್ಕೇ ಅಪಾಯ. ಹಾಗಾಗಿ ಹೊಸ ಮದ್ದನ್ನು ಮೊದಲು ತಮಗೇ ಚುಚ್ಚಿಕೊಂಡು ನೋಡುತ್ತಿದ್ದರು. ನೊಬೆಲ್‌ಗಿಂತ ಇದೇ ದೊಡ್ಡದೆನಿಸುತ್ತದೆ.

ನೊಬೆಲ್ ಬಂದದ್ದು 1923ರಲ್ಲಿ, ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಇಬ್ಬರಿಗೆ. ಬ್ಯಾಂಟಿಂಗ್ ತಮ್ಮ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟರು. 1941ರ ಫೆಬ್ರವರಿಯಲ್ಲಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ವಿಮಾನ ಅಪಘಾತಕ್ಕೀಡಾಗಿ ಅವರು ತೀರಿಕೊಂಡಾಗ ವಯಸ್ಸು ಬರೀ 49.